ಅಡುಗೆ ಮುಟ್ಟುವ ಕೈ

ಚೌಡಮ್ಮನಿಗೆ ಹೊಟ್ಟೆಕಿಚ್ಚು ಇದ್ದದ್ದು ಒಂದು ಲೋಟದ ಮೇಲೆ.

ಬೆಳ್ಳಿಯ ಲೋಟವೇನಲ್ಲ. ಸಂತೆಯಲ್ಲಿ ಯಾರೂ ತಿರುಗಿ ನೋಡದಂಥ ಸ್ಟೀಲಿನ ಲೋಟ. ಹೊಸನಗರದ ಹೊಸ ಬಡಾವಣೆಯ ಹೂವಮ್ಮನ ಮನೆಯಲ್ಲಿ, ಅಡುಗೆಮನೆಯ ಹಿಂಬಾಗಿಲ ಹೊಸ್ತಿಲ ಮೇಲೆ ಕೂತು ಅಡುಗೆಯ ತನುಜಾ ದಿನಾ ಅದರಲ್ಲಿ ಚಾ ಕುಡಿಯುತ್ತಿದ್ದಳು. ಸೆರಗಿನ ತುದಿಯಲ್ಲಿ ಲೋಟ ಹಿಡಿದು, ಊದಿ ಊದಿ, ಮುಂದೆ ಯಾವ ಕೆಲಸವೂ ಇಲ್ಲದವರ ಹಾಗೆ ಕುಡಿಯುತ್ತಿದ್ದಳು. ಬಿಸಿಲು ಬಿದ್ದರೆ ಲೋಟ ಮಿಂಚುತ್ತಿತ್ತು. ಆ ಮಿಂಚು ಸೀದಾ ಬಂದು ಚೌಡಮ್ಮನ ಕಣ್ಣಿಗೆ ಬಡಿಯುತ್ತಿತ್ತು.

ಚೌಡಮ್ಮನದು ಬೇರೆ ಲೋಟ. ಲೋಟ ಅನ್ನುವುದಕ್ಕಿಂತ ಹಿಡಿ ಮುರಿದ ಪ್ಲಾಸ್ಟಿಕ್ ಮಗ್ಗು ಅನ್ನಬೇಕು. ಹಿಂದೆ ಆ ಮನೆಯವರು ಅದರಲ್ಲಿ ಹಲ್ಲುಜ್ಜುವ ಬ್ರಷ್ಷು ಇಡುತ್ತಿದ್ದರು. ಈಗ ಅದು ಕಾಂಪೌಂಡ್ ಗೋಡೆಯ ಗೂಡಿನಲ್ಲಿ ಬೋರಲು ಬಿದ್ದಿರುತ್ತದೆ. ಚಾ ಹೊತ್ತಿಗೆ ಅದರೊಳಗಿನ ಇರುವೆ ಕೊಡವಿ, ತೊಳೆದು, ಮೆಟ್ಟಿಲ ಕೆಳಗೆ ಹಿಡಿದು ನಿಲ್ಲಬೇಕು. ತನುಜಾ ಮೇಲಿನಿಂದ ಹೊಯ್ಯುತ್ತಾಳೆ. ಚಾ ಮಣಿಕಟ್ಟಿಗೆ ಸಿಡಿಯುತ್ತದೆ. ಕುಡಿದಾದ ಮೇಲೆ ತಾನೇ ತೊಳೆದು ಮತ್ತೆ ಗೂಡಿಗೆ ಸೇರಿಸಬೇಕು.

ಆ ಮನೆಯಲ್ಲಿ ಚೌಡಮ್ಮನಿಗೆ ಅಂತ ಒಂದು ಬಾಗಿಲೂ ಇತ್ತು. ಮನೆ ಕಟ್ಟಿಸುವಾಗಲೇ ಹೂವಮ್ಮ ಎಂಜಿನಿಯರಿಗೆ ಹೇಳಿ, ಬಚ್ಚಲಿಗೆ ಹೊರಗಿನಿಂದ ಒಂದು ಸಣ್ಣ ಬಾಗಿಲು ಇಡಿಸಿದ್ದಳು. ಕಕ್ಕಸು ತೊಳೆಯುವವರು ಮನೆಯೊಳಗೆ ಕಾಲಿಡದೆ ಬಂದು ಹೋಗಲಿ ಅಂತ. ಮನೆಯೊಕ್ಕಲಿಗೆ ಬಂದ ನೆಂಟರಿಗೆಲ್ಲ ಆ ಬಾಗಿಲು ತೋರಿಸಿ, "ಇದೊಂದು ಒಳ್ಳೆ ಐಡಿಯಾ ಮಾಡಿದ್ಯಲ್ಲೇ ಹೂವಿ" ಅನ್ನಿಸಿಕೊಂಡಿದ್ದಳು. ಚೌಡಮ್ಮ ಒಳಗೆ ಬಂದಾಗ ಬಚ್ಚಲಿನ ಒಳಬಾಗಿಲಿಗೆ ಮನೆಯ ಕಡೆಯಿಂದ ಚಿಲಕ ಬೀಳುತ್ತಿತ್ತು. ಇಷ್ಟು ವರ್ಷ ಆ ಮನೆಯ ಬಟ್ಟೆ ಒಗೆದು, ಅಂಗಳ ಗುಡಿಸಿ, ಕಕ್ಕಸು ತೊಳೆದು, ಮೋರಿ ಬಳಿದವಳಿಗೆ ಆ ಮನೆಯ ಅಡುಗೆಮನೆ ಯಾವ ಬಣ್ಣದ್ದು ಅಂತ ಗೊತ್ತಿರಲಿಲ್ಲ.

ಇದೆಲ್ಲ ರೂಢಿಯಾಗಿ ಹೋಗಿತ್ತು. ತನುಜಾ ಬರುವ ತನಕ.

ತನುಜಾ ಕೆಲಸ ಕೇಳಿಕೊಂಡು ಬಂದ ದಿನ ಚೌಡಮ್ಮ ಹಿತ್ತಿಲಲ್ಲಿ ಬೆಡ್‌ಶೀಟು ಹಿಂಡುತ್ತಿದ್ದಳು. ಒಳಗಿನ ಮಾತು ಕಿಟಕಿಯಿಂದ ಕೇಳುತ್ತಿತ್ತು.

"ಯಾವೂರೇ ನಿಂದು?" ಹೂವಮ್ಮನ ದನಿ.

"ಬ್ಯಾಕೋಡು ಹತ್ರ ಅಮ್ಮ. ನಮ್ಮನೆಯವ್ರು ಇಲ್ಲಿ ಗೂಡ್ಸ್ ಆಟೋ ಓಡಿಸ್ತಾರೆ."

"ಎಂತ ಜನ ನೀವು?"

"ನಾಯ್ಕರ ಪೈಕಿ ಅಮ್ಮ. ದೀವರು."

"ಹಂಗಾದ್ರೆ ಅಡ್ಡಿಲ್ಲ. ಒಳಗೆ ಬಾ. ನೋಡು, ನೀನು ಅಡಿಗೆ ಮುಟ್ಟೋಳು. ಮೋರಿ, ಬಚ್ಚಲಿಗೆಲ್ಲ ಕೈ ಹಾಕ್ಬಾರ್ದು. ಮೋರಿಗೆ ಹಾಕಿದ ಕೈ ನಮ್ಮನೆ ಅಡಿಗೆಗೆ ಬರಂಗಿಲ್ಲ. ಅದಕ್ಕೆಲ್ಲ ಹೊರಗೆ ಚೌಡಿ ಇದಾಳೆ."

ಚೌಡಮ್ಮನ ಕೈಯಲ್ಲಿದ್ದ ಬೆಡ್‌ಶೀಟು ಅರ್ಧಕ್ಕೇ ನಿಂತಿತು. ಆ ದನಿ ಅವಳಿಗೆ ಗೊತ್ತು. ಇಣುಕಿ ನೋಡಿದಳು. ಹೌದು. ತನ್ನ ದೊಡ್ಡಮ್ಮನ ಮಗಳ ಮಗಳು. ಹಿನ್ನೀರಿನ ಆಚೆ, ಇನ್ನೂ ಸೇತುವೆ ಇಲ್ಲದ ಕಾಲದಲ್ಲಿ, ಕೇರಿಯ ಒಂದು ಮದುವೆಗೆ ಲಾಂಚಿನಲ್ಲಿ ಹೋಗುವಾಗ ಎಂಜಿನ್ನಿನ ಸದ್ದಿಗೆ ಹೆದರಿ ತನ್ನ ಮಡಿಲಿಗೆ ಹತ್ತಿ ಕೂತಿದ್ದ ಮಗು. ಚಪ್ಪರದಲ್ಲಿ ತನ್ನ ಎಲೆಯಿಂದಲೇ ಅನ್ನ ಉಂಡಿತ್ತು. ಅದು ಈಗ ನಾಯ್ಕರ ಮಗಳಾಗಿ ಹೂವಮ್ಮನ ಅಡುಗೆಮನೆಗೆ ಹೋಗಿತ್ತು. ಕೇರಿಯ ಚೌಡಮ್ಮ ಹೊರಗೇ ಇದ್ದಳು.

ಮಾರನೇ ದಿನ ಚಾ ಹೊಯ್ಯಲು ಬಂದಾಗ ಚೌಡಮ್ಮ ಮಗ್ಗು ಹಿಡಿದುಕೊಂಡೇ ಕೇಳಿದಳು, "ಬ್ಯಾಕೋಡಿನ ಯಾವ ನಾಯ್ಕರ ಮನೆ ತಂಗಿ ನೀನು?"

ತನುಜಾಳ ಮುಖ ಸುಣ್ಣದ ಗೋಡೆಯಾಯಿತು. ಮೆಟ್ಟಿಲಿನಿಂದ ಬಗ್ಗಿ ಪಿಸುಗುಟ್ಟಿದಳು. "ಚಿಕ್ಕೀ, ನಿನ್ನ ದಮ್ಮಯ್ಯ. ಬಾಡಿಗೆ ಮನೆ ಕೊಟ್ಟೋರಿಗೂ ಹಿಂಗೇ ಹೇಳೀವಿ. ಬಾಯಿ ಬಿಟ್ರೆ ಎರಡೂ ಹೋಗುತ್ತೆ."

ಅಷ್ಟರಲ್ಲಿ ಕಿಟಕಿಯಲ್ಲಿ ಹೂವಮ್ಮ ಕಂಡಳು. ತನುಜಾ ಸೊಂಟ ನೆಟ್ಟಗೆ ಮಾಡಿಕೊಂಡಳು.

"ಏ ಚೌಡೀ, ಸರಿಯಾಗಿ ಹಿಡಿ. ಚೆಲ್ಲುತ್ತೆ."

ಆ ಮಾತು ಚಾಕ್ಕಿಂತ ಬಿಸಿಯಿತ್ತು. ಚಿಕ್ಕಿ ಅನ್ನಬೇಕಾದ ಬಾಯಿ ಏ ಚೌಡಿ ಅಂದಿತ್ತು.

ಹೇಳಿಬಿಡಬಹುದಿತ್ತು. ಬಟ್ಟೆ ಒಣಹಾಕುತ್ತ, ಏನೂ ಅಲ್ಲದವಳ ಹಾಗೆ, "ಅಮ್ಮ, ನಿಮ್ಮ ಅಡಿಗೆಯೋಳು ನಮ್ಮ ಪೈಕಿ ಕಣ್ರೋ" ಅಂದರೆ ಮುಗಿಯಿತು. ಚೌಡಮ್ಮ ಹೇಳಲಿಲ್ಲ. ಯಾಕೆ ಅಂತ ಅವಳಿಗೂ ತಿಳಿಯದು. ಆ ಮಾತನ್ನು ಹೊಗೆಸೊಪ್ಪಿನ ಹಾಗೆ ಕೆನ್ನೆಯೊಳಗೆ ಒತ್ತಿ ಇಟ್ಟುಕೊಂಡಳು. ಉಗುಳಲಿಲ್ಲ, ನುಂಗಲೂ ಇಲ್ಲ. ಅದರ ಖಾರ ಮಾತ್ರ ದಿನಾ ಇಳಿಯುತ್ತಿತ್ತು.

ತನುಜಾ ಒಳಗಿನ ಫ್ಯಾನಿನ ಕೆಳಗೆ ಸೊಪ್ಪು ಬಿಡಿಸುತ್ತಾಳೆ. ಹೊಟ್ಟೆಕಿಚ್ಚು. ಹೂವಮ್ಮ ಅವಳನ್ನು "ತನೂ" ಅನ್ನುತ್ತಾಳೆ. ಹೊಟ್ಟೆಕಿಚ್ಚು. ಹಬ್ಬಕ್ಕೆ ಹೂವಮ್ಮನ ಸೊಸೆ ಉಟ್ಟು ಬಿಟ್ಟ ಸೀರೆ ಅವಳಿಗೆ ಸಿಕ್ಕಿತು, ಚೌಡಮ್ಮನಿಗೆ ಮೈ ಒರೆಸಿದ ಹಳೇ ಬೈರಾಸು. ಹೊಟ್ಟೆಕಿಚ್ಚು. ಅವಳ ಬೆರಳು ಒಣಗಿವೆ, ಉಗುರು ಬಿಳಿ ಇವೆ, ಮೈಯಿಂದ ಒಗ್ಗರಣೆಯ ವಾಸನೆ ಬರುತ್ತದೆ. ಚೌಡಮ್ಮನ ಬೆರಳ ಸಂದಿ ಫಿನಾಯಿಲಿಗೆ ಸುಟ್ಟು ಬಿರಿದಿವೆ. ಮೈಯಿಂದ ಏನು ವಾಸನೆ ಬರುತ್ತದೆ ಅಂತ ಬಸ್ಸಿನಲ್ಲಿ ಪಕ್ಕ ಕೂತವರು ಮೂಗು ತಿರುಗಿಸಿ ಹೇಳುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ ಆ ಲೋಟ.

ಗಂಡ ಜಟ್ಟಿಂಗಪ್ಪನಿಗೆ ಹೇಳಿಕೊಂಡರೆ ಅವನು ನಗುತ್ತಿದ್ದ.

"ಒಂದು ಲೋಟಕ್ಕೆ ಇಷ್ಟು ಉರ್ಕೊಂತಾರೇನೇ? ಸಂತೆಯಿಂದ ಎರಡು ತಂದ್ಹಾಕ್ತೀನಿ ತಗ. ಬಲಗೈಲೊಂದು ಎಡಗೈಲೊಂದು ಹಿಡ್ಕಂಡು ಕುಡಿ."

"ನಂಗೆ ಬೇಕಿದ್ದು ಲೋಟ ಅಲ್ಲ ಮಾರಾಯ. ಆ ಮನೆ ಲೋಟ."

"ಆ ಮನೆ ಲೋಟದಾಗೆ ಚಾ ಬೇರೆ ರುಚಿ ಇರುತ್ತೇನು?"

"ಇರುತ್ತೆ," ಅಂದಳು ಚೌಡಮ್ಮ. "ಕುಡಿಯೋಳ ಮುಖ ನೋಡಿದ್ರೇ ಗೊತ್ತಾಗುತ್ತೆ."

ಜಟ್ಟಿಂಗಪ್ಪ ಮತ್ತೆ ನಗಲಿಲ್ಲ. ಬೀಡಿ ಹಚ್ಚಿ ಹೊರಗೆ ಹೋದ.

ಹೀಗಿರುವಾಗ ಹೂವಮ್ಮನ ಬೆಂಡೋಲೆ ಸಿಂಕಿಗೆ ಬಿತ್ತು.

ತೀರ್ಥಹಳ್ಳಿಯಲ್ಲಿ ಹೂವಮ್ಮನ ಅಣ್ಣನ ಮಗನ ನಿಶ್ಚಿತಾರ್ಥ. ಮಾರನೇ ದಿನ ಬೆಳಗಾಗುವಾಗಲೇ ಹೊರಡಬೇಕು. ಬೆಂಡೋಲೆ ತವರಿನದು, ಅವ್ವ ಕೊಟ್ಟದ್ದು. ಅದನ್ನು ಹಾಕಿಕೊಳ್ಳದೆ ಹೋದರೆ ಅತ್ತಿಗೆಯರು ಮೊದಲು ಕಿವಿ ನೋಡಿ ಆಮೇಲೆ ಮುಖ ನೋಡುತ್ತಾರೆ. ಹಾಗಾಗಿ ಹೂವಮ್ಮ ಅಂಟುವಾಳದ ಕಾಯಿಯನ್ನು ಬಿಸಿನೀರಿಗೆ ಹಾಕಿ ನೊರೆ ಮಾಡಿ, ಬಟ್ಟಲಲ್ಲಿ ಬೆಂಡೋಲೆ ನೆನೆಹಾಕಿದ್ದಳು. ಚಿನ್ನ ಬೆಳಗಲು ಅವಳ ಅವ್ವ ಮಾಡುತ್ತಿದ್ದ ಕ್ರಮ. ಅಷ್ಟರಲ್ಲಿ ತೀರ್ಥಹಳ್ಳಿಯಿಂದ ಅತ್ತಿಗೆಯ ಫೋನು ಬಂತು. ಹೂವಮ್ಮ ಮಾತಾಡುತ್ತಲೇ ಒಂದು ಕೈಯಲ್ಲಿ ಬಟ್ಟಲು ಬಗ್ಗಿಸಿ ನೊರೆ ಚೆಲ್ಲಿದಳು. ಬಟ್ಟಲಲ್ಲಿ ಉಳಿದದ್ದು ಒಂದೇ ಬೆಂಡೋಲೆ.

ಮಗ ಪೂರ್ಣೇಶ ಪ್ಲಂಬರ್ ಕಾಂತರಾಜನಿಗೆ ಫೋನು ಮಾಡಿದ. ಕಾಂತರಾಜ ಸಾಗರದಲ್ಲಿ ಯಾವುದೋ ಲಾಡ್ಜಿನ ಕೆಲಸದಲ್ಲಿದ್ದ. ಇನ್ನು ಎರಡು ದಿನ ಬರುವುದಿಲ್ಲ ಅಂದ. ಆಮೇಲೆ ಚೌಡಮ್ಮನಿಗೆ ಹೂವಮ್ಮನ ಕರೆ ಬಂತು.

"ಮೋರಿ ಪೈಪಲ್ಲಿ ಬೆಂಡೋಲೆ ಹೋಗಿದೆ ಮಾರಾಯ್ತಿ. ಬೇಗ ಬಾ."

ಚೌಡಮ್ಮ ಅರ್ಧ ಉಂಡ ತಟ್ಟೆ ಬಿಟ್ಟು ಬಂದಳು.

ಅಡುಗೆಮನೆಯ ಪೈಪು ಗೋಡೆ ದಾಟಿ ಪಕ್ಕದ ಸಂದಿಗೆ ಬರುತ್ತಿತ್ತು. ಅಲ್ಲಿ ಕಲ್ಲು ಚಪ್ಪಡಿ ಮುಚ್ಚಿದ ಚೇಂಬರ್. ಚೌಡಮ್ಮ ಬಳೆ ತೆಗೆದು ಒಗೆಯುವ ಕಲ್ಲಿನ ಮೇಲಿಟ್ಟಳು. ಹಾರೆ ಹಾಕಿ ಚಪ್ಪಡಿ ಎಬ್ಬಿಸಿದಳು. ಒಳಗಿನಿಂದ ಬಂದ ನಾತಕ್ಕೆ ಪೂರ್ಣೇಶ ಎರಡು ಹೆಜ್ಜೆ ಹಿಂದೆ ಹೋದ, ಮೂಗಿಗೆ ಕರ್ಚೀಫು ಹಿಡಿದ.

"ಮಣ್ಣು, ಕೆಸರು ಎಲ್ಲ ಮೇಲೆ ಹಾಕಿ ಜಾಲಿಸಿ ನೋಡು. ಅವಸರ ಮಾಡ್ಬೇಡ," ಅಂದ.

ಚೌಡಮ್ಮ ಹೊಟ್ಟೆಯ ಮೇಲೆ ಮಲಗಿ ಚೇಂಬರಿಗೆ ಕೈ ಇಳಿಸಿದಳು. ಎಣ್ಣೆ ಹೆಪ್ಪುಗಟ್ಟಿ ಸಾಬೂನಿನಂತಾಗಿತ್ತು. ಅನ್ನದ ಅಗಳು ಉಬ್ಬಿ ಹುಳುವಿನಂತಿದ್ದವು, ಹುಳುಗಳೂ ಇದ್ದವು. ಮೀನಿನ ಪೊರೆ ಬೆರಳಿಗೆ ಅಂಟಿತು. ಮುಳ್ಳೊಂದು ಉಗುರಿನ ಸಂದಿಗೆ ಚುಚ್ಚಿತು. ಬೊಗಸೆ ಬೊಗಸೆ ಎತ್ತಿ ಮೊರಕ್ಕೆ ಹಾಕಿ, ನೀರು ಬಿಟ್ಟು ಜಾಲಿಸಿದಳು. ಚಾದ ಚರಟ, ಸಾಸಿವೆ, ಕರಿಬೇವು, ಒಂದು ಸೇಫ್ಟಿ ಪಿನ್ನು. ಬೆಂಡೋಲೆ ಇಲ್ಲ. ಮತ್ತೆ ಮಲಗಿದಳು. ಪೈಪಿನ ಬಾಯಿಗೆ ಮೊಣಕೈ ತನಕ ತೂರಿಸಿದಳು. ಕೆನ್ನೆ ಚೇಂಬರಿನ ಅಂಚಿಗೆ ಒತ್ತಿತ್ತು. ಜಿರಲೆಯೊಂದು ಕೈ ಮೇಲೆ ಹತ್ತಿ ರವಿಕೆಯ ತೋಳಿನೊಳಗೆ ಹೋಯಿತು. ಕೊಡವಲು ಇನ್ನೊಂದು ಕೈಯೂ ಹೊಲಸಾಗಿತ್ತು. ಹೋಗಲಿ ಅಂತ ಬಿಟ್ಟಳು.

ತಲೆಯ ಮೇಲೆಯೇ ಅಡುಗೆಮನೆಯ ಕಿಟಕಿ. ಒಳಗಿನ ಮಾತು ಒಂದೊಂದೂ ಕಿವಿಗೆ ಬೀಳುತ್ತಿತ್ತು.

"ಸಿಕ್ತಾ ಅವಳಿಗೆ?" ಹೂವಮ್ಮ ಕೇಳಿದಳು.

"ಇಲ್ಲ." ಪೂರ್ಣೇಶ ಒಳಗೆ ಹೋಗಿದ್ದ. "ಸಿಗಲ್ಲಮ್ಮ ಅಲ್ಲಿ. ಕಾಂತರಾಜ ಆಗ್ಲೇ ಹೇಳಿದ್ನಲ್ಲ. ಭಾರ ಇರೋದು ಹೊರಗೆ ಹೋಗಲ್ಲ, ಸಿಂಕಿನ ಕೆಳಗೆ ಪೈಪಿಗೆ ಸಿಕ್ಕಿಸಿರೋ ಬಾಟ್ಲಿಯಲ್ಲೇ ಕೂತಿರುತ್ತೆ. ಕೈಯಲ್ಲೇ ತಿರುಗಿಸಿ ಬಿಚ್ಬೋದು ಅಂದ."

"ಯಾರು ಬಿಚ್ಚೋದು? ನೀನು ಬಿಚ್ತೀಯಾ?"

"ನಂಗೆ ವಾಂತಿ ಬರುತ್ತೆ."

"ತನುಜಾ ಅಡಿಗೆ ಮುಟ್ಟೋಳು, ಅವಳ ಕೈ ಹಾಕ್ಸಕ್ಕಾಗಲ್ಲ. ಚೌಡಿನ ಒಳಗೆ ತರೋಕಾಗುತ್ತಾ? ನೀರು ಹೊಯ್ದು ತಳ್ಳೋಣ. ಜೋರಾಗಿ ಹೊಯ್ದ್ರೆ ಅವಳ ಕೈಗೇ ಹೋಗಿ ಬೀಳುತ್ತೆ. ಏ ತನೂ, ಹಂಡೆಯಿಂದ ಬಿಸಿನೀರು ತಗೊಂಬಾ. ಜಿಡ್ಡು ಕರಗ್ಲಿ."

ಚೌಡಮ್ಮನ ಕೈ ಪೈಪಿನೊಳಗೇ ನಿಂತಿತು. ಇವರಿಗೆ ಮೊದಲೇ ಗೊತ್ತಿತ್ತು. ತಾನು ಮನೆಯಿಂದ ಹೊರಡುವ ಮೊದಲೇ ಗೊತ್ತಿತ್ತು. ಗೋಡೆಯ ಆಚೆ, ಸಿಂಕಿನ ಕೆಳಗೆ, ಯಾರಾದರೂ ಕೂತು ಕೈ ಚಾಚಿದರೆ ಸಿಗುವ ಜಾಗದಲ್ಲಿ ಬೆಂಡೋಲೆ ಇದೆ. ಒಳಗೆ ಹೋಗಬಹುದಾದ ಕೈ ಮೋರಿ ಮುಟ್ಟುವಂತಿಲ್ಲ. ಮೋರಿ ಮುಟ್ಟುವ ಕೈ ಒಳಗೆ ಹೋಗುವಂತಿಲ್ಲ. ಅದಕ್ಕೆ ತನ್ನನ್ನು ಇಲ್ಲಿ ಮಲಗಿಸಿದ್ದಾರೆ.

ಅವಳು ಕೈ ಎಳೆದುಕೊಳ್ಳುವ ಮೊದಲೇ ನೀರು ಬಂತು.

ಬಿಸಿನೀರು, ಜಿಡ್ಡಿನ ಸಮೇತ. ಮುಂಗೈಗೆ ಬಡಿದು, ಚೇಂಬರಿಗೆ ಹಾರಿ, ಮುಖಕ್ಕೆ ಎರಚಿತು. ಬಾಯೊಳಗೂ ಹೋಯಿತು. ಹಳಸಲು ಸಾರಿನ ರುಚಿ. ಚೌಡಮ್ಮ ಎದ್ದು ಕೂತು ಉಗುಳಿದಳು. ಮುಂಗೈ ಕೆಂಪಾಗಿ ಚುರುಗುಟ್ಟುತ್ತಿತ್ತು.

"ನಿಲ್ಸೇ. ಕೈ ಬೇಯ್ತು."

ಕಿಟಕಿಯ ಸರಳಿನ ಆಚೆ ತನುಜಾಳ ಮುಖ ಕಂಡಿತು. ಕೈಯಲ್ಲಿ ಕೊಡಪಾನ. ಕಣ್ಣು ಕಣ್ಣು ಸೇರಿದವು. ತನುಜಾ ಏನೋ ಹೇಳುವ ಹಾಗೆ ಬಾಯಿ ತೆರೆದಳು.

"ಇನ್ನೊಂದು ಹೊಯ್ಯಿ," ಅಂದಳು ಹಿಂದಿನಿಂದ ಹೂವಮ್ಮ.

ತನುಜಾಳ ಮುಖ ತಿರುಗಿತು. ನೀರು ಮತ್ತೆ ಬಂತು. ಅವಳು ಹೊಯ್ದಳು. ಮಡಿಲಿಗೆ ಹತ್ತಿ ಕೂತಿದ್ದವಳು.

ಎಷ್ಟು ಹೊಯ್ದರೂ ಏನೂ ಬರಲಿಲ್ಲ. ಒಳಗೆ ಹೂವಮ್ಮನ ದನಿ ಏರುತ್ತ ಹೋಯಿತು. ಹೊತ್ತು ಮಧ್ಯಾಹ್ನ ದಾಟುತ್ತಿತ್ತು.

"ನಿಜ ಹೇಳು ತನುಜಾ. ಬಟ್ಟಲ ಹತ್ರ ನೀನೇ ಇದ್ದೆ. ಎತ್ತಿಟ್ಟಿದ್ರೆ ಈಗ್ಲೇ ಕೊಡು, ಯಾರಿಗೂ ಹೇಳಲ್ಲ."

"ನೀವೇ ಫೋನಲ್ಲಿ ಮಾತಾಡ್ತಾ ಚೆಲ್ಲಿದ್ರಲ್ಲ ಅಮ್ಮ."

"ನಾನಾ? ನನ್ನ ಬೆಂಡೋಲೆ ನಾನೇ ಚೆಲ್ಕೊಂತೀನಾ?"

"ಅಯ್ಯೋ, ಹಂಗಲ್ಲ ಅಮ್ಮ." ತನುಜಾಳ ದನಿ ಒಮ್ಮೆಲೇ ಗಟ್ಟಿಯಾಯಿತು. "ನನ್ನ ಮೇಲೆ ಯಾಕೆ ಅನುಮಾನ. ಹೊರಗೆ ಅವಳಿಗೆ ಸಿಕ್ಕಿದ್ರೂ ಸಿಕ್ತು ಅಂತ ಹೇಳ್ತಾಳೆ ಅಂತ ಎಂತ ಗ್ಯಾರಂಟಿ? ಆ ಕೇರಿಯವ್ರ ಕೈ ನಿಮಗೆ ಗೊತ್ತಿಲ್ವಾ."

ಚೌಡಮ್ಮ ಕೂತಲ್ಲೇ ಕಲ್ಲಾದಳು.

ಹೂವಮ್ಮ ಅಂದಿದ್ದರೆ ಅದು ಬೇರೆ. ಅಂಥ ಮಾತು ಎಷ್ಟೋ ಸಲ ಕೇಳಿ ಕಿವಿ ಕಾಯಿಗಟ್ಟಿತ್ತು. ಇದು ತನ್ನ ಎಲೆಯಲ್ಲಿ ಉಂಡ ಬಾಯಿ. ಆ ಲೋಟ ಉಳಿಸಿಕೊಳ್ಳುವುದಕ್ಕೆ ಇವಳು ತನ್ನ ಅವ್ವನನ್ನೂ ಮಾರುತ್ತಾಳೆ. ಕೆನ್ನೆಯೊಳಗೆ ಇಷ್ಟು ದಿನ ಒತ್ತಿಟ್ಟದ್ದು ನಾಲಿಗೆಯ ತುದಿಗೆ ಬಂತು. ಇವತ್ತು ಉಗುಳುತ್ತೇನೆ. ಅವಳು ನಿಂತ ನೆಲದ ಮೇಲೆಯೇ, ಅವಳ ಒಲೆಯ ಮುಂದೆಯೇ ಉಗುಳುತ್ತೇನೆ. ನೀನೂ ನಾಳೆಯಿಂದ ಗೂಡಿನ ಮಗ್ಗು ಹಿಡಿ.

ಹೂವಮ್ಮ ಮನೆ ಸುತ್ತಿ ಸಂದಿಗೆ ಬಂದಳು. ಹಿಂದೆ ಪೂರ್ಣೇಶ.

"ಚೌಡೀ, ಏನೂ ಸಿಗ್ಲಿಲ್ವಾ?"

"ಇಲ್ಲ."

"ಸರಿಯಾಗಿ ನೋಡಿದ್ಯಾ?"

"ಸರಿಯಾಗಿ ನೋಡೀನಿ."

"ತಪ್ಪು ತಿಳ್ಕೋಬೇಡ. ಎಲ್ಲಾದ್ರೂ ಸೀರೆಗೆ ಸಿಕ್ಕಾಕ್ಕೊಂಡಿರುತ್ತೆ. ನೆರಿಗೆ ಬಿಚ್ಚಿ ಒಂದ್ಸಲ ಕೊಡವ್ಬಿಡು. ರವಿಕೆದೂ ನೋಡ್ಕೋ. ನಮಗೂ ಸಮಾಧಾನ, ನಿನಗೂ ಒಳ್ಳೇದು."

ಚೌಡಮ್ಮ ಪೂರ್ಣೇಶನನ್ನು ನೋಡಿದಳು. ಅವ ಮೊಬೈಲ್ ನೋಡುತ್ತಿದ್ದ, ಅಲ್ಲಿಂದ ಕದಲಲಿಲ್ಲ. ಹಳೇ ಮನೆಯಲ್ಲಿ ಇವ ಕೂಸಾಗಿದ್ದಾಗ ಇವನ ಹೇಲುಬಟ್ಟೆ ಒಗೆದವಳು ತಾನು.

"ಕೊಡವಲ್ಲ," ಅಂದಳು.

"ಎಂತ?"

"ಕೊಡವಲ್ಲ ಅಂದೆ. ಬೆಂಡೋಲೆ ಒಳಗೆ ಬಾಟ್ಲಿಯಲ್ಲಿದೆ. ನಿಮಗೂ ಗೊತ್ತು. ಕಾಂತರಾಜ ಹೇಳಿದ್ದೂ ನಂಗೆ ಕೇಳಿಸ್ತು."

ಚೌಡಮ್ಮ ಎದ್ದಳು. ಮೈಯಿಂದ ಕೆಸರುನೀರು ತೊಟ್ಟಿಕ್ಕುತ್ತಿತ್ತು. ಕೂದಲಿಗೆ ಅನ್ನದಗಳು ಅಂಟಿತ್ತು. ಹಿತ್ತಿಲ ಕಡೆ ತಿರುಗಲಿಲ್ಲ. ಮನೆಯ ಮುಂಭಾಗಕ್ಕೆ ನಡೆದಳು.

"ಎಲ್ಲಿಗೇ? ಬಚ್ಚಲ ಬಾಗಿಲು ಆ ಕಡೆ," ಅಂದಳು ಹೂವಮ್ಮ.

"ಅಡಿಗೆಮನೆಗೆ ದಾರಿ ಈ ಕಡೆ."

"ಪೂರ್ಣೇಶಾ, ತಡಿಯೋ ಅವಳನ್ನ."

ಪೂರ್ಣೇಶ ಓಡಿಬಂದು ಮುಂಬಾಗಿಲ ಮೆಟ್ಟಿಲ ಮೇಲೆ ಅಡ್ಡ ನಿಂತ. ಎರಡೂ ಕೈ ಅಗಲಿಸಿದ. ಚೌಡಮ್ಮ ನಿಲ್ಲಲಿಲ್ಲ. ಅವಳನ್ನು ತಡೆಯಬೇಕಿದ್ದರೆ ಮುಟ್ಟಬೇಕಿತ್ತು. ಮುಟ್ಟಬೇಕಿದ್ದರೆ ಆ ಕೆಸರನ್ನು, ಆ ಮೈಯನ್ನು ಮುಟ್ಟಬೇಕಿತ್ತು. ಅವಳು ಇನ್ನೊಂದು ಹೆಜ್ಜೆ ಇಟ್ಟಳು. ಅವನ ಕೈ ತಾನಾಗಿಯೇ ಮಡಚಿಕೊಂಡಿತು. ಗೋಡೆಗೆ ಬೆನ್ನು ಹಚ್ಚಿ ಜಾಗ ಬಿಟ್ಟ.

ಇಷ್ಟು ಸುಲಭವಿತ್ತೇ. ಚೌಡಮ್ಮನಿಗೆ ನಗು ಬರುವಂತಾಯಿತು.

ಟೈಲ್ಸ್ ನೆಲ ತಣ್ಣಗಿತ್ತು. ಹೆಜ್ಜೆ ಹೆಜ್ಜೆಗೂ ಕಪ್ಪು ಪಾದ ಮೂಡಿತು. ಸೋಫಾ, ಟೀವಿ, ಊಟದ ಮೇಜು. ಹೂವಮ್ಮ ಹಿಂದಿನಿಂದ "ಅಯ್ಯೋ, ಅಯ್ಯೋ" ಅನ್ನುತ್ತ ಬರುತ್ತಿದ್ದಳು, ಆ ಹೆಜ್ಜೆ ಗುರುತುಗಳನ್ನು ತುಳಿಯದೆ ಪಕ್ಕ ಪಕ್ಕಕ್ಕೆ ಕಾಲಿಡುತ್ತ.

ಅಡುಗೆಮನೆ ತಿಳಿಹಸಿರು ಬಣ್ಣದ್ದಾಗಿತ್ತು.

ತನುಜಾ ಒಲೆಯ ಹತ್ತಿರ ಕೊಡಪಾನ ಹಿಡಿದು ನಿಂತಿದ್ದಳು. ಚೌಡಮ್ಮನನ್ನು ಕಂಡದ್ದೇ ಅವಳ ಕಣ್ಣು ಸತ್ತವರ ಕಣ್ಣಾಯಿತು. ಏನು ಬರುತ್ತಿದೆ ಅಂತ ಅವಳಿಗೆ ಗೊತ್ತಿತ್ತು. ಹೂವಮ್ಮ ಬಾಗಿಲಲ್ಲಿ ಬಂದು ನಿಂತಳು. ಕೇಳಿಸಿಕೊಳ್ಳುವ ಕಿವಿಯೂ ಬಂದಾಯಿತು.

ಮೊದಲು ಬಾಟ್ಲಿ, ಆಮೇಲೆ ಮಾತು ಅಂದುಕೊಂಡು ಚೌಡಮ್ಮ ಕುಕ್ಕರುಗಾಲಲ್ಲಿ ಕೂತಳು. ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ಎಳೆದಳು.

ಕಸದ ಬುಟ್ಟಿ. ಫಿನಾಯಿಲ್ ಬಾಟ್ಲಿ. ನೆಲ ಒರೆಸುವ ಬಟ್ಟೆ. ಆ ಬಟ್ಟೆಯ ಪಕ್ಕದಲ್ಲಿ ಬೋರಲು ಹಾಕಿದ ಒಂದು ಸ್ಟೀಲಿನ ಲೋಟ.

ಅದೇ ಲೋಟ. ಅದರ ತಳಕ್ಕೆ ಕೆಂಪು ಉಗುರುಬಣ್ಣದ ಒಂದು ಬೊಟ್ಟು ಇಟ್ಟಿದ್ದರು. ಬೇರೆಯವುಗಳ ಜೊತೆ ಬೆರೆಯದಿರಲಿ ಅಂತ. ಪಕ್ಕದಲ್ಲಿ ಒಂದು ತಟ್ಟೆ. ಅದಕ್ಕೂ ಅದೇ ಬೊಟ್ಟು.

ಚೌಡಮ್ಮ ಎಷ್ಟೋ ಹೊತ್ತು ನೋಡಿದಳು. ತನುಜಾ ಯಾಕೆ ಯಾವಾಗಲೂ ಹೊಸ್ತಿಲ ಮೇಲೇ ಕೂತು ಚಾ ಕುಡಿಯುತ್ತಿದ್ದಳು? ಯಾಕೆ ಲೋಟವನ್ನು ಸೆರಗಿನಿಂದ ಹಿಡಿದು, ತಳ ಕಾಣದ ಹಾಗೆ ಅಂಗೈ ಕೊಡುತ್ತಿದ್ದಳು? ಬಿಸಿಗೆ ಅಂದುಕೊಂಡಿದ್ದಳು ಚೌಡಮ್ಮ. ಇಷ್ಟು ದಿನ ಹೊಟ್ಟೆ ಉರಿದದ್ದು ಇದಕ್ಕೆ. ಫಿನಾಯಿಲಿನ ಪಕ್ಕದಲ್ಲಿರುವ ಇದಕ್ಕೆ. ನಾಯ್ಕರವಳಾದರೂ ಬೊಟ್ಟು. ತಾನು ಗೋಡೆಯ ಗೂಡಿನಲ್ಲಿ, ಇವಳು ಸಿಂಕಿನ ಗೂಡಿನಲ್ಲಿ.

ತಲೆ ಎತ್ತಿದಳು. ತನುಜಾ ಲೋಟ ನೋಡುತ್ತಿದ್ದಳು, ಚೌಡಮ್ಮನನ್ನಲ್ಲ. ಆಗ ತನ್ನನ್ನು ಕಂಡಾಗಲೂ ಇರದ ನಾಚಿಕೆ ಅವಳ ಮುಖದಲ್ಲಿತ್ತು. ಜಾತಿ ಹೊರಬೀಳುವುದಕ್ಕಿಂತ ಈ ಲೋಟ ಚಿಕ್ಕಿಯ ಕಣ್ಣಿಗೆ ಬಿದ್ದದ್ದೇ ಅವಳಿಗೆ ಹೆಚ್ಚಾಗಿತ್ತು.

ನಾಲಿಗೆಯ ತುದಿಗೆ ಬಂದದ್ದು ಅಲ್ಲೇ ನಿಂತಿತು. ಚೌಡಮ್ಮ ಅದನ್ನು ನುಂಗಿದಳು. ಕಹಿಯಿತ್ತು.

ಪೈಪಿನ ಬಾಟ್ಲಿಗೆ ಕೈ ಹಾಕಿ ತಿರುಗಿಸಿದಳು. ಯಾರು ಬೇಕಾದರೂ ತಿರುಗಿಸಬಹುದಿತ್ತು. ಎರಡು ಸುತ್ತಿಗೇ ಕೈಗೆ ಬಂತು. ಒಳಗೆ ಬೂದು ಬಣ್ಣದ ಕೆಸರು. ಅಲ್ಲಾಡಿಸಿದಳು. ಟಿಣ್ ಅಂದಿತು.

ಹೂವಮ್ಮನ ಮುಖ ಅರಳಿತು. "ಸಿಕ್ತಲ್ಲ ನಮ್ಮವ್ವ. ಬದುಕಿಸ್ದೆ. ಅಲ್ಲೇ ತೆಗೆದು, ತೊಳ್ದು ಕೊಡು. ಚಿನ್ನಕ್ಕೇನು ಮೈಲಿಗೆ ಇಲ್ಲ."

ಚೌಡಮ್ಮ ಎದ್ದಳು. ಬಾಟ್ಲಿಯನ್ನು ಅಡುಗೆಕಟ್ಟೆಯ ಮೇಲೆ, ಕಲಸಿಟ್ಟ ಕಡುಬಿನ ಹಿಟ್ಟಿನ ಪಕ್ಕದಲ್ಲಿ ಇಟ್ಟಳು. ಕೆಂಪು ಬೊಟ್ಟಿನ ಲೋಟ ಎತ್ತಿದಳು. ಗೋಡೆಯ ಸ್ಟ್ಯಾಂಡಿನಲ್ಲಿ ಆ ಮನೆಯವರ ಲೋಟಗಳು ಸಾಲಾಗಿದ್ದವು. ಅವುಗಳ ನಡುವೆ ಜಾಗ ಮಾಡಿ ಇದನ್ನು ನಿಲ್ಲಿಸಿದಳು. ಅವಳ ಬೆರಳಿನ ಕೆಸರು ಆ ಕಡೆಯ ಲೋಟಕ್ಕೂ ಈ ಕಡೆಯ ಲೋಟಕ್ಕೂ ಹತ್ತಿತು.

"ಏ, ಏ, ಎಂತ ಮಾಡ್ತಿದೀಯಾ?" ಹೂವಮ್ಮ ಎದೆ ಹಿಡಿದುಕೊಂಡಳು. "ಆ ಸ್ಟ್ಯಾಂಡಿಗೆ ಕೈ ಹಾಕಿದ್ಯಾ?"

"ಬೆಂಡೋಲೆ ಇದ್ರೊಳಗಿದೆ. ಕೈ ಹಾಕಿ ತಗೊಳ್ಳಿ."

"ನಾನಾ?"

"ನೀವು ತಿಂದು ಬಿಟ್ಟಿದ್ದೇ ಇದು. ಬೇರೆ ಯಾರದ್ದಲ್ಲ. ಬೆಂಡೋಲೆಯೂ ನಿಮ್ದೇ."

"ನಾಳೆಯಿಂದ ಈ ಮನೆ ಕಡೆ ಕಾಲಿಡಬೇಡ."

"ನಾಳೆಯ ಕಕ್ಕಸು ಯಾರದ್ದು ಅಂತ ನೀವೇ ನೋಡ್ಕೊಳ್ಳಿ," ಅಂದಳು ಚೌಡಮ್ಮ.

ಬಂದ ಹೆಜ್ಜೆಗುರುತಿನ ಮೇಲೇ ವಾಪಸು ನಡೆದಳು. ಊಟದ ಮೇಜು, ಟೀವಿ, ಸೋಫಾ. ಮುಂಬಾಗಿಲ ಹತ್ತಿರ ಪೂರ್ಣೇಶ ಇನ್ನೂ ಗೋಡೆಗೆ ಅಂಟಿಕೊಂಡೇ ಇದ್ದ. ಮೆಟ್ಟಿಲಿಗೆ ಕಾಲಿಟ್ಟಾಗ ಹಿಂದಿನಿಂದ ಹೂವಮ್ಮನ ದನಿ ಕೇಳಿಸಿತು.

"ನೋಡ್ತಾ ನಿಂತ್ಯಲ್ಲ ತನುಜಾ. ತೆಗಿ ಅದನ್ನ. ಹೊತ್ತಾಗ್ತಾ ಬಂತು."

ಕೊಡಪಾನ ಕೆಳಗಿಡುವ ಸದ್ದು ಕೇಳಿಸಿತು.

"ನಿಂಗೇ ಹೇಳ್ತಿರೋದು. ಕೈ ಹಾಕಿ ತೆಗಿ."

"ಆಗಲ್ಲ ಅಮ್ಮ," ಅಂದಳು ತನುಜಾ. "ಅಡಿಗೆ ಮುಟ್ಟೋ ಕೈ."

"ಎಂತ ಅಂದೆ?"

"ಮೋರಿಗೆ ಹಾಕಿದ ಕೈ ಅಡಿಗೆಗೆ ಬರಂಗಿಲ್ಲ ಅಂತ ನೀವೇ ಅಲ್ವಾ ಹೇಳಿದ್ದು."

ಚೌಡಮ್ಮ ಮೆಟ್ಟಿಲ ಮೇಲೆಯೇ ನಿಂತುಬಿಟ್ಟಳು.

ಎಂಥ ಮಾತು. ಎಷ್ಟು ಮೆತ್ತಗೆ, ಎಷ್ಟು ಸರಿಯಾದ ಜಾಗಕ್ಕೆ. ತಾನು ಕೆಸರು ಹೊತ್ತು, ಬಾಗಿಲು ದಾಟಿ ಹೇಳಿದ್ದನ್ನೆಲ್ಲ ಇವಳು ನಿಂತಲ್ಲಿಂದ ಕದಲದೆ ಹೇಳಿದ್ದಳು. ಇಷ್ಟು ವರ್ಷ ಈ ಮನೆಗೆ ಬಂದು ಹೋದರೂ ತನಗೆ ಇದು ಹೊಳೆಯಲಿಲ್ಲ. ನಿನ್ನೆ ಮೊನ್ನೆ ಬಂದವಳಿಗೆ ಹೊಳೆಯಿತು. ಚೌಡಮ್ಮನ ಹೊಟ್ಟೆಯಲ್ಲಿ ಅದೇ ಹಳೇ ಜಾಗದಲ್ಲಿ ಚುರ್ ಅಂದಿತು.

"ಚಿಕ್ಕೀ."

ಪಿಸುಮಾತಲ್ಲ. ಪಕ್ಕದ ಮನೆಯವರು ಕಿಟಕಿಯ ಪರದೆ ಸರಿಸುವಷ್ಟು ದೊಡ್ಡ ದನಿ.

"ಚಿಕ್ಕೀ, ನಿಲ್ಲು. ನಾನೂ ಬಂದೆ."

"ಯಾರಿಗೇ ಚಿಕ್ಕಿ ಅಂತಿದೀಯಾ?" ಒಳಗೆ ಹೂವಮ್ಮ ಕೇಳುತ್ತಿದ್ದಳು. "ಆ ಚೌಡಿ ನಿಂಗೆ ಹೆಂಗೇ ಚಿಕ್ಕಿ? ಏ ತನುಜಾ, ಹೆಂಗೆ?"

ತನುಜಾ ಆ ಕಪ್ಪು ಹೆಜ್ಜೆಗಳ ಮೇಲೇ ಕಾಲಿಟ್ಟುಕೊಂಡು ಹೊರಗೆ ಬಂದಳು. ಮೆಟ್ಟಿಲಿಳಿದು ಚೌಡಮ್ಮನ ಎದುರು ನಿಂತಳು. ಕೆಂಪಾದ ಮುಂಗೈ ಕಡೆ ನೋಡಿದಳು, ಮುಟ್ಟಲು ಹೋಗಿ ಹೆದರಿ ನಿಲ್ಲಿಸಿದಳು.

ಚೌಡಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಬಿಳಿ ಉಗುರು, ಸೊಸೆ ಉಟ್ಟು ಬಿಟ್ಟ ಸೀರೆ. ಆ ಸೀರೆಯ ಅಂಚಿಗೆ ತನ್ನ ಕಾಲಿನ ಕೆಸರು ಹತ್ತಿತ್ತು. ಒಳ್ಳೆಯ ಸೀರೆ. ಈಗಲೂ ಕಣ್ಣಿಗೆ ಕಟ್ಟುವಂಥ ಸೀರೆ.

"ನನ್ನ ಬಳೆ ಒಗೆಯೋ ಕಲ್ಲಿನ ಮೇಲಿದೆ," ಅಂದಳು. "ಹೋಗಿ ತಗೊಂಬಾ. ಚಿಕ್ಕಿ ಅಂದ ಮೇಲೆ ಅಷ್ಟಾದ್ರೂ ಮಾಡು."

ತನುಜಾ ಹಿತ್ತಿಲಿಗೆ ಓಡಿದಳು. ಒಳಗೆ ಹೂವಮ್ಮ ಮಗನನ್ನು ಕರೆಯುತ್ತಿದ್ದಳು, ಮಗ ಓಗೊಡುತ್ತಿರಲಿಲ್ಲ. ಚೌಡಮ್ಮನ ಹೊಟ್ಟೆಕಿಚ್ಚು ಇನ್ನೂ ಆರಿರಲಿಲ್ಲ. ಆದರೂ ಅವಳು ಗೇಟು ತೆರೆದು, ಹಿಡಿದುಕೊಂಡು ನಿಂತಳು.